ಡಬ್ಬಿಯ ಮೇಲಿನ ಮುಖ

ಫೆಬ್ರವರಿ ೬

ಪ್ರೀತಿಯ ಕತ್ತರಿಗೆ,

ನಿನ್ನ ಅಣ್ಣ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಿ ನಾವಿಬ್ಬರೂ ಹೂಂ ಹೂಂ ಅಂದುಕೊಂಡು, ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಅವನು ಹೋದ ಮೇಲೆ ಒಂದು ವರ್ಷ ಹೀಗೇ ಕಳೆಯಿತು. ಈಗ ಕೆಲಸದ ಮಾತು ಬಂದಿದೆ. ಅದನ್ನು ಹೂಂ ಹೂಂನಲ್ಲಿ ಮುಗಿಸಲಾಗದು, ಅದಕ್ಕೇ ಈ ಕಾಗದ.

ನಮ್ಮ ಬೇಕರಿಯ ಮುಂದಿನ ರಸ್ತೆ ಮಲಗಿಬಿಟ್ಟಿದೆ. ಹೊಸ ಸೇತುವೆ ಆದಮೇಲೆ ಜನ ಅತ್ತಲಿಂದಲೇ ಹೋಗುತ್ತಾರೆ. ಬೆಳಗಿನ ಜಾವ ಭಟ್ಟಿ ಹಚ್ಚಿ ಬಾಗಿಲು ತೆಗೆದರೆ ಹಿಟ್ಟಿನ ಧೂಳು ಬೆಳಕಿನಲ್ಲಿ ತೇಲುತ್ತಾ ನಿಂತಿರುತ್ತದೆ, ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಎಷ್ಟೋ ಸಲ ನಾನು ಎದ್ದಿದ್ದೇನೋ ಇನ್ನೂ ನಿದ್ದೆಯಲ್ಲೇ ಇದ್ದೇನೋ ತಿಳಿಯುವುದಿಲ್ಲ. ಭಟ್ಟಿಯ ಬಾಗಿಲು ಮುಟ್ಟಿ ಕೈ ಸುಟ್ಟಾಗ, ಸರಿ, ಎದ್ದಿದ್ದೇನೆ ಅಂದುಕೊಳ್ಳುತ್ತೇನೆ.

ರೈಲು ನಿಲ್ದಾಣದಲ್ಲಿ ಜೂನ್ ತಿಂಗಳಿಗೆ ಒಂದು ಹೊಸ ತಿಂಡಿ ಅಂಗಡಿ ತೆರೆಯುತ್ತದೆ. ಅದರ ಯಜಮಾನರು ಬಂದು ನಮ್ಮ ಬಿಸ್ಕತ್ತು ತಿಂದು ನೋಡಿದರು. ರುಚಿಯ ಬಗ್ಗೆ ತಕರಾರಿಲ್ಲ. ಕಾಗದದ ಪೊಟ್ಟಣ ನೋಡಿ ಮಾತ್ರ ಮೂಗು ಮುರಿದರು. ಅಚ್ಚುಕಟ್ಟಾದ ಡಬ್ಬಿ ಇದ್ದರೆ ದಿನಾ ತೆಗೆದುಕೊಳ್ಳುತ್ತಾರಂತೆ, ಇಲ್ಲವಾದರೆ ಇಲ್ಲ. ಇದೊಂದು ಕೈಹಿಡಿದರೆ ಭಟ್ಟಿ ಉರಿಯುತ್ತದೆ. ಇಲ್ಲದಿದ್ದರೆ ಬಾಗಿಲು ಎಳೆದುಕೊಂಡು ಯಾರದಾದರೂ ಅಡುಗೆಮನೆ ಸೇರಿಕೊಳ್ಳಬೇಕು.

ನೀನೇ ಡಬ್ಬಿ ಕಾರ್ಖಾನೆಯಲ್ಲಿರುವಾಗ ನಾನು ಬೇರೆಯವರ ಹತ್ತಿರ ಯಾಕೆ ಹೋಗಲಿ? ನಮ್ಮ ಬೆಣ್ಣೆ ಬಿಸ್ಕತ್ತಿಗೆ ಒಂದು ಡಬ್ಬಿ ಮಾಡಿಕೊಡು. ಬಿಸ್ಕತ್ತಿನ ವಿಷಯ ನಿನಗೆ ನಾನೇನು ಹೇಳುವುದು, ಅದನ್ನು ತಿಂದೇ ಬೆಳೆದವಳು ನೀನು.

ಇಂತಿ,
ಅತ್ತಿಗೆ

ಫೆಬ್ರವರಿ ೧೯

ಅತ್ತಿಗೆ,

ನಿಮ್ಮ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ, ಖುಷಿಗೆ. ಇಷ್ಟು ವರ್ಷ ಊರವರ ಚಪ್ಪಲಿಗೆ, ಸಾಬೂನಿಗೆ, ಬಲ್ಬಿಗೆ ಡಬ್ಬಿ ಮಾಡಿದ್ದೇನೆ. ನಮ್ಮ ಮನೆಯದಕ್ಕೆ ಮಾಡುವ ಭಾಗ್ಯ ಈಗ ಬಂತು.

ನಮ್ಮ ಕೆಲಸದ ಕೋಣೆ ಮೇಲಿನ ಅಂತಸ್ತಿನಲ್ಲಿದೆ. ಬಿಳಿ ರಟ್ಟಿನ ಹಾಳೆಗಳನ್ನು ಕಿಟಕಿಯವರೆಗೆ ಪೇರಿಸಿರುತ್ತಾರೆ. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದರೆ ಇಡೀ ಕೋಣೆ ಹಾಲು ಬಣ್ಣಕ್ಕೆ ತಿರುಗುತ್ತದೆ. ಊಟವಾದ ಮೇಲೆ ನಾನು ಕತ್ತರಿಸಿ ಉಳಿದ ಚೂರುಗಳ ರಾಶಿಯ ಮೇಲೆ ಅಡ್ಡಾಗುತ್ತೇನೆ. ಮೊನ್ನೆ ಹಾಗೆ ಮಲಗಿದ್ದಾಗ ಅಣ್ಣ ಬಂದಿದ್ದ. ಹುಬ್ಬಿನ ಮೇಲೆ ಹಿಟ್ಟು, ಕೈಯಲ್ಲಿ ಬಿಸ್ಕತ್ತು ಒತ್ತುವ ಆ ಹಳೇ ಲೋಟ. ಒಂದೊಂದೇ ಡಬ್ಬಿ ಮಡಚಿ ಇಡುತ್ತಾ, ಒಳಗೆ ಇಣುಕಿ ನೋಡುತ್ತಾ, "ಇದರಲ್ಲಿ ಗಾಳಿ ಚೆನ್ನಾಗಿದೆ ಕಣೇ" ಅಂದ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಅವನು ಅಲ್ಲೇ ಇದ್ದ.

ಇರಲಿ, ಕೆಲಸಕ್ಕೆ ಬರೋಣ. ಬೆಂಕಿಪೆಟ್ಟಿಗೆಯ ಹಾಗೆ ಒಳಗಿನದು ಜಾರಿ ಬರುವ ಡಬ್ಬಿ ಮಾಡಬಹುದು, ಆದರೆ ರೈಲಿನಲ್ಲಿ ಕೂತವರು ಎಳೆದರೆ ಬಿಸ್ಕತ್ತೆಲ್ಲ ಮಡಿಲಿಗೆ ಬೀಳುತ್ತದೆ. ಮುಚ್ಚಳ ಬೇರೆ ಇರುವುದು ಚೆಂದ, ಆದರೆ ಮುಚ್ಚಳ ಕಳೆದುಹೋಗುತ್ತದೆ. ನನಗೆ ಒಪ್ಪಿಗೆಯಾದದ್ದು ಒಂದೇ ರಟ್ಟಿನಿಂದ ಮಡಚಿ ಅಂಚಿನಲ್ಲಿ ಚಾಚಿದ ನಾಲಿಗೆಯನ್ನು ಎದುರಿನ ಸೀಳಿಗೆ ಸಿಕ್ಕಿಸುವ ಡಬ್ಬಿ. ಅಂಟೇ ಬೇಡ. ಅಂಟು ಹಾಕಿದರೆ ಬೆಣ್ಣೆಗೆ ಅದರ ವಾಸನೆ ಹತ್ತುತ್ತದೆ. ಒಳಗೆ ಬೆಣ್ಣೆ ಕಾಗದ. ಬಿಸ್ಕತ್ತುಗಳನ್ನು ಮಲಗಿಸುವುದಿಲ್ಲ, ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತೇವೆ, ಹಾಗಿದ್ದರೆ ಒಡೆಯುವುದು ಕಡಿಮೆ. ಅಳತೆ ಕಳಿಸಬೇಡಿ. ಅಣ್ಣ ಲೋಟದ ಬಾಯಿಂದ ಒತ್ತುತ್ತಿದ್ದ ಬಿಸ್ಕತ್ತಿನ ಅಗಲ ನನ್ನ ಅಂಗೈಗೆ ಗೊತ್ತು. ಅದರ ದಪ್ಪ ನನ್ನ ಹೆಬ್ಬೆರಳಿನಷ್ಟು. ಅದನ್ನು ಮಾತ್ರ ನೀವು ಎಳ್ಳಷ್ಟೂ ಬದಲಿಸಬಾರದು, ಈಗಲೇ ಹೇಳಿಬಿಟ್ಟಿದ್ದೇನೆ.

ಮುಚ್ಚಳದ ಮೇಲೆ ಅಣ್ಣನ ಮುಖ ಬರುತ್ತದೆ. ಹುಬ್ಬಿನ ಹಿಟ್ಟಿನ ಸಮೇತ ನಗುವ ಮುಖ. ಚಿತ್ರ ಬರೆಯಲು ಶುರುಮಾಡಿಯೂ ಆಯಿತು.

ಪಕ್ಕದಲ್ಲಿ ಕೂತು ಡಬ್ಬಿಗಳಿಗೆ ಅಂಟು ಹಚ್ಚುವ ಅಂಟಿನವಳು ಬಾಯಿಗೆ ಬಂದದ್ದನ್ನು ಅಂದುಬಿಡುತ್ತಾಳೆ. "ಅಣ್ಣನೇ ಇಲ್ಲ ಅಂದ್ಮೇಲೆ ಅವರು ನಿಂಗೇನಾಗ್ಬೇಕು?" ಎಂದು ಕೇಳಿದಳು. ನಾನು ನಕ್ಕು ರಟ್ಟು ಕತ್ತರಿಸತೊಡಗಿದೆ. ಆದರೆ ಆ ಮಾತು ಅಂದಿನಿಂದ ತಲೆ ತಿನ್ನುತ್ತಿದೆ. ಈ ಡಬ್ಬಿ ಆಗಲಿ ಅತ್ತಿಗೆ, ಆಮೇಲೆ ಯಾರೂ ಹಾಗೆ ಕೇಳುವುದಿಲ್ಲ.

ರಜೆ ಕೇಳಿದ್ದೇನೆ. ಈ ಸಲವೂ ಸಿಕ್ಕಲಿಲ್ಲ.

ನಿಮ್ಮ
ಕತ್ತರಿ

ಮಾರ್ಚ್ ೧೨

ಪ್ರೀತಿಯ ಕತ್ತರಿಗೆ,

ಮಾದರಿ ಡಬ್ಬಿ ಬಂದು ತಲುಪಿತು. ಚಪ್ಪಟೆಯಾಗಿ ಬಂದದ್ದನ್ನು ನೀನು ಬರೆದ ಹಾಗೆ ಮಡಚಿದೆ. ಮೊದಲ ಸಲ ತಪ್ಪಿ ಟೋಪಿಯಾಯಿತು, ಎರಡನೇ ಸಲ ಡಬ್ಬಿಯಾಯಿತು. ಮೇಜಿನ ಮೇಲಿಟ್ಟು ಎಷ್ಟೋ ಹೊತ್ತು ನೋಡುತ್ತಾ ಕೂತೆ. ಬಾಗಿಲು ಕಿಟಕಿ ಇಲ್ಲದ ಪುಟ್ಟ ಮನೆ. ಒಳಗೆ ಯಾರೋ ಬೆಚ್ಚಗೆ ನಿದ್ದೆ ಮಾಡುತ್ತಿದ್ದಾರೆ ಅನ್ನಿಸಿತು. ನಿನ್ನ ಕೈ ಚೆನ್ನಾಗಿ ಪಳಗಿದೆ.

ಅಳತೆ ಸರಿಯಾಗಿದೆ.

ಚಿತ್ರವೂ ಚೆನ್ನಾಗಿದೆ. ಮೂಗು ಅವನದೇ. ಆದರೆ ಶಾಯಿ ಜಾಸ್ತಿಯಾಯಿತೇನೋ. ಬೆಣ್ಣೆಗೆ ಶಾಯಿಯ ವಾಸನೆಯೂ ಹತ್ತಬಹುದಲ್ಲವೇ? ಬೇರೆ ಏನಾದರೂ ನೋಡು. ಒಂದು ಗೋಧಿ ತೆನೆ, ಒಂದು ಬಳ್ಳಿ, ಹೀಗೆ.

ಮೊನ್ನೆ ನಿಲ್ದಾಣಕ್ಕೆ ಹೋಗಿ ಅಂಗಡಿಯ ಜಾಗ ನೋಡಿಕೊಂಡು ಬಂದೆ. ಎರಡನೇ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತು ರೈಲು ಬರುವುದನ್ನೂ ಹೋಗುವುದನ್ನೂ ನೋಡಿದೆ. ಕಿಟಕಿಗಳಲ್ಲಿ ಮುಖಗಳು ಬಂದು ಹೋಗುತ್ತಿದ್ದವು. ಎಲ್ಲರೂ ಅರ್ಧ ನಿದ್ದೆಯಲ್ಲಿದ್ದರು, ನಾನೂ. ಹೇಗೋ ಮನೆ ಸೇರಿದೆ.

ರಜೆಗೆ ಅವಸರ ಮಾಡಬೇಡ. ಸಿಕ್ಕಾಗ ಬಾ.

ಅತ್ತಿಗೆ

ಮಾರ್ಚ್ ೨೫

ಅತ್ತಿಗೆ,

ಅಳತೆ ಸರಿಯಾಗಿದೆ ಎಂದಿರಲ್ಲ, ನಾನು ಕೋಣೆಯಲ್ಲಿ ಕುಣಿದೆ. ಸುಮ್ಮನೆ ಜಂಬ ಕೊಚ್ಚಲಿಲ್ಲ ನೋಡಿ, ಹೆಬ್ಬೆರಳು ಸುಳ್ಳು ಹೇಳುವುದಿಲ್ಲ. ರಟ್ಟು ಕತ್ತರಿಸುವ ಅಚ್ಚನ್ನು ಆ ಅಳತೆಗೇ ಕಟ್ಟಿಸಿಬಿಟ್ಟೆ. ಮರದ ಹಲಗೆಗೆ ಉಕ್ಕಿನ ಅಲಗು ಕೂರಿಸಿ ಮಾಡುವ ಅಚ್ಚು ಅದು. ಒಮ್ಮೆ ಕಟ್ಟಿದರೆ ಬದಲಿಸುವುದು ಕಷ್ಟ, ಹೊಸದೇ ಕಟ್ಟಬೇಕು.

ಶಾಯಿಯ ಮಾತು ನಿಜ. ಅದಕ್ಕೇ ಬಣ್ಣವೆಲ್ಲ ತೆಗೆದು ಬರೀ ಗೆರೆಯಲ್ಲಿ ಅಣ್ಣನ ಮುಖ ಬರೆದಿದ್ದೇನೆ. ಇದರೊಂದಿಗೆ ಇಟ್ಟಿದ್ದೇನೆ, ನೋಡಿ. ಗೋಧಿ ತೆನೆ ಬೇಡ ಅತ್ತಿಗೆ, ಊರಿನ ಬಿಸ್ಕತ್ತಿಗೆಲ್ಲ ಗೋಧಿ ತೆನೆಯೇ. ನಮ್ಮದರ ಮೇಲೆ ನಮ್ಮವನು ಇರಲಿ. ರೈಲು ಹತ್ತಿ ಊರೂರು ತಿರುಗಲಿ. ಆ ಭಟ್ಟಿಯ ಮುಂದಿಂದ ಅವನು ಎಲ್ಲಿಗೆ ಹೋಗಿದ್ದಾನೆ ಹೇಳಿ? ಒಂದು ಡಬ್ಬಿ ಸುತ್ತಿ ಸುತ್ತಿ ಇಲ್ಲಿಗೂ ಬಂದೀತು. ಯಾರದೋ ಕೈಯಲ್ಲಿ ಅವನನ್ನು ಕಂಡು ನಾನು, "ಏನೋ, ಬಂದ್ಯಾ?" ಎಂದು ಕೇಳಿಯೇನು.

ಹೂಂ ಅನ್ನಿ. ಮುದ್ರಣಕ್ಕೆ ಹಾಕುತ್ತೇನೆ.

ಕತ್ತರಿ

ಏಪ್ರಿಲ್ ೯

ಕತ್ತರಿಗೆ,

ಚಿತ್ರ ಬೇಡ. ಡಬ್ಬಿಯ ಮೇಲೆ ಅವನ ಮುಖ ಹಾಕುವುದು ನನಗೆ ಇಷ್ಟವಿಲ್ಲ. ಬರೀ ಡಬ್ಬಿ ಕಳಿಸು, ಸಾಕು. ಇದರ ಬಗ್ಗೆ ಮತ್ತೆ ಕೇಳಬೇಡ.

ಅತ್ತಿಗೆ

ಏಪ್ರಿಲ್ ೨೧

ಮಾನ್ಯ ಗ್ರಾಹಕರಿಗೆ,

ತಮ್ಮ ಬೇಡಿಕೆಯಂತೆ ಖಾಲಿ ಡಬ್ಬಿಗಳನ್ನು ಮುದ್ರಣವಿಲ್ಲದೆ ಇಂದು ಪಾರ್ಸಲ್ ಮೂಲಕ ಕಳಿಸಲಾಗಿದೆ. ಒಣ ಜಾಗದಲ್ಲಿ ಇಡತಕ್ಕದ್ದು. ಮಡಚುವ ವಿಧಾನ ತಮಗೆ ತಿಳಿದೇ ಇದೆ.

ಅತ್ತಿಗೆ, ಇಷ್ಟೇ ಬರೆದು ಅಂಚೆಗೆ ಹಾಕಬೇಕೆಂದು ಕೂತವಳು ನಾನು, ಆಗಲಿಲ್ಲ. ಮರೆಯುವುದು ನಿಮಗೆ ಇಷ್ಟು ಸುಲಭ ಎಂದು ತಿಳಿದಿರಲಿಲ್ಲ. ಹೊಸ ಅಂಗಡಿ, ಹೊಸ ಡಬ್ಬಿ, ಅದರ ಮೇಲೆ ಅವನ ಒಂದು ಗೆರೆಯೂ ಇರಕೂಡದು. ನಿಮ್ಮ ಬದುಕು ನಿಮ್ಮದು, ಮೂಗು ತೂರಿಸಲು ನಾನು ಯಾರು? ಅಂಟಿನವಳು ಕೇಳಿದ್ದೇ ಸರಿಯಾಗಿತ್ತು. ಅವಳಿಗೆ ಇವತ್ತು ಉತ್ತರ ಹೇಳಿದೆ, ಏನೂ ಆಗಬೇಕಿಲ್ಲ ಅಂದೆ.

ಈಚೆಗೆ ಮಧ್ಯಾಹ್ನ ಮಲಗುವುದನ್ನು ಬಿಟ್ಟಿದ್ದೇನೆ.

ಮೇ ೨೨

ನನ್ನ ಕತ್ತರಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಹಿಟ್ಟು ಕಲಸುವ ಕೆಲಸ ನೆನಪಾಗುತ್ತಿತ್ತು. ಇವತ್ತು ಹಿಟ್ಟಿಲ್ಲ, ಭಟ್ಟಿ ಆರಿದೆ. ಯಾಕೆಂದು ಹೇಳುತ್ತೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಬೈ.

ಅಳತೆ ಸರಿಯಾಗಿದೆ ಎಂದು ನಾನು ಬರೆದದ್ದು ಸುಳ್ಳು. ನಿನ್ನ ಡಬ್ಬಿ ನಿನ್ನ ಅಣ್ಣನ ಬಿಸ್ಕತ್ತಿಗೆ ಸರಿ. ಆ ಬಿಸ್ಕತ್ತು ಈಗ ಇಲ್ಲ. ಅಷ್ಟು ದಪ್ಪದ, ಗಟ್ಟಿ ಹಿಟ್ಟನ್ನು ನಾದುವ ತೋಳು ಅವನದು. ನನ್ನ ತೋಳಿಗೆ ಅದು ಬಗ್ಗುವುದಿಲ್ಲ. ಅವನು ಹೋದ ಮೇಲೆ ಕೆಲವು ದಿನ ಹೆಣಗಾಡಿದೆ, ಬೆನ್ನು ಹಿಡಿದುಕೊಂಡಿತು. ಆಮೇಲೆ ಹಾಲು ಹೆಚ್ಚು ಹಾಕಿ ಹಿಟ್ಟು ಮೆತ್ತಗೆ ಮಾಡಿಕೊಂಡು, ತೆಳ್ಳಗೆ ಲಟ್ಟಿಸಿ, ಸಣ್ಣ ಬಟ್ಟಲಿನಿಂದ ಒತ್ತತೊಡಗಿದೆ. ನಿಲ್ದಾಣದ ಅಂಗಡಿಯವರು ತಿಂದು ಮೆಚ್ಚಿದ್ದು ಇದನ್ನೇ. ನೀನು ಎಳ್ಳಷ್ಟೂ ಬದಲಿಸಬಾರದು ಎಂದು ಬರೆದೆ ನೋಡು, ಆಗ ನನ್ನ ಬಾಯಿ ಕಟ್ಟಿಹೋಯಿತು. ಅಣ್ಣನದು ಎಂದು ನಿನಗೆ ಉಳಿದದ್ದು ಅದೊಂದು ರುಚಿ. ಅದನ್ನೂ ನಾನು ಕಳೆದೆ ಎಂದು ಹೇಗೆ ಹೇಳಲಿ?

ಡಬ್ಬಿಗಳು ಬಂದವು. ನನ್ನ ಬಿಸ್ಕತ್ತು ಹಾಕಿ ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುತ್ತದೆ. ಕಾಗದ ತುರುಕಿ ನೋಡಿದೆ, ಕಸದ ಹಾಗೆ ಕಂಡಿತು. ಬಿಸ್ಕತ್ತಿಗೆ ಡಬ್ಬಿ ಮಾಡಿಸುತ್ತಾರೆ, ನಾನು ಡಬ್ಬಿಗೆ ಬಿಸ್ಕತ್ತು ಮಾಡಲು ಹೊರಟೆ. ನಿನ್ನ ಹೆಬ್ಬೆರಳಿನ ದಪ್ಪಕ್ಕೇ ಲಟ್ಟಿಸಿ ಬೇಯಿಸಿದೆ. ನನ್ನ ಹಿಟ್ಟು ಮೆತ್ತನೆಯದು, ಅಷ್ಟು ದಪ್ಪಕ್ಕೆ ಬೇಯಲೇ ಇಲ್ಲ. ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿಯಿತು. ನಿಲ್ದಾಣದವರು ಅಂಗಡಿ ತೆರೆಯುವ ಮೊದಲು ಒಮ್ಮೆ ನೋಡೋಣ ಎಂದು ತಳ್ಳುಗಾಡಿಯಲ್ಲಿ ಇಟ್ಟು ಮಾರಿದರು. ಸಂಜೆ ಉಳಿದ ಡಬ್ಬಿಗಳನ್ನು ಹೊತ್ತು ತಂದು ಮೇಜಿನ ಮೇಲಿಟ್ಟರು. ಒಬ್ಬ ಹೆಂಗಸು ಕಚ್ಚಿ, ಉಗಿದು, ಅವರ ಮುಖ ನೋಡಿದಳಂತೆ. ಅವರು ಬೈಯಲಿಲ್ಲ. "ಮೊದಲು ಕೊಟ್ರಲ್ಲ, ಅದೇ ಬೇಕು ನಂಗೆ. ಜೂನ್ ಮುಗಿಯೋವರ್ಗೂ ಕಾಯ್ತೀನಿ," ಎಂದು ಹೇಳಿ ಹೋದರು.

ಇನ್ನು ಮುಖದ ವಿಷಯ. ಮಾರ್ಚಿನಲ್ಲಿ ನಿಲ್ದಾಣಕ್ಕೆ ಹೋಗಿದ್ದೆ ಎಂದು ಬರೆದಿದ್ದೆನಲ್ಲ. ಆ ಬೆಂಚಿನ ಪಕ್ಕ ಕಸದ ಬುಟ್ಟಿ ಇತ್ತು. ರೈಲಿನಿಂದ ಇಳಿದವರು ತಿಂದು ಮುಗಿಸಿದ ಡಬ್ಬಿಯನ್ನು ಹಿಂಡಿ ಅದಕ್ಕೆ ಎಸೆಯುತ್ತಿದ್ದರು. ಯಾವುದೋ ಮಿಠಾಯಿ ಡಬ್ಬಿಯ ಮೇಲೆ ಒಂದು ಮಗು ನಗುತ್ತಿತ್ತು. ಅದರ ಮೇಲೆ ಚಹಾ ಚೆಲ್ಲಿತ್ತು. ಇನ್ನೊಂದು ಬುಟ್ಟಿಯ ಹೊರಗೆ ಬಿದ್ದು, ಅದೇ ಮಗುವಿನ ಕೆನ್ನೆಯ ಮೇಲೆ ಬೂಟಿನ ಗುರುತಿತ್ತು. ಅವರದೇನೂ ತಪ್ಪಿಲ್ಲ, ಡಬ್ಬಿ ಇರುವುದೇ ಬಿಸಾಡುವುದಕ್ಕೆ. ಆದರೆ ದಿನಾ ಡಬ್ಬಿ ಕೊಡಲು ಅಲ್ಲಿಗೆ ಹೋಗಬೇಕಾದವಳು ನಾನು. ಆ ಬುಟ್ಟಿಯಲ್ಲಿ ಅವನ ಮುಖ ನೋಡಲಾರೆ ಕತ್ತರಿ. ನನ್ನಿಂದಾಗದು.

ನಿನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಕ್ಕೇ ನಿನಗೆ ಅವನು ಇನ್ನೂ ಭಟ್ಟಿಯ ಮುಂದೆ ನಿಂತಿದ್ದಾನೆ, ರೈಲು ಹತ್ತುತ್ತಾನೆ, ಊರೂರು ತಿರುಗುತ್ತಾನೆ. ನಾನು ಅವನ ಮುಖಕ್ಕೆ ಬಟ್ಟೆ ಮುಚ್ಚಿದವಳು. ಒಂದು ಸಲ ಅವನನ್ನು ಕಳಿಸಿಕೊಟ್ಟಿದ್ದೇನೆ. ದಿನಕ್ಕೊಂದು ಸಲ ಕಳಿಸು ಅನ್ನಬೇಡ.

ನನ್ನ ಬಿಸ್ಕತ್ತುಗಳನ್ನು ಇದರ ಜೊತೆ ಕಳಿಸಿದ್ದೇನೆ, ತೆಳ್ಳಗಿನವು. ಅಳತೆ ತೆಗೆದುಕೋ. ತಿನ್ನುವುದು ಬಿಡುವುದು ನಿನಗೆ ಬಿಟ್ಟಿದ್ದು. ಅಂಟಿನವಳಿಗೆ ನೀನು ಕೊಟ್ಟ ಉತ್ತರ ಓದಿದೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ಇಷ್ಟು ದಿನ ಹಿಡಿಯಿತು.

ಅತ್ತಿಗೆ

ಜೂನ್ ೩

ಅತ್ತಿಗೆ,

ಬಿಸ್ಕತ್ತು ಒಡೆದು ಬಂದಿದ್ದವು, ಎಲ್ಲವೂ. ಡಬ್ಬಿ ಮಾಡುವವಳಿಗೆ ಹಳೇ ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತು ಕಳಿಸಿದವರು ಲೋಕದಲ್ಲಿ ನೀವೊಬ್ಬರೇ ಇರಬೇಕು. ಚೂರುಗಳನ್ನು ಬಿಳಿ ರಟ್ಟಿನ ಮೇಲೆ ಹರಡಿ ಒಂದಕ್ಕೊಂದು ಜೋಡಿಸಿದೆ. ಮಧ್ಯಾಹ್ನವಾಗಿತ್ತು, ಕೋಣೆಯಲ್ಲಿ ಆ ಹಾಲಿನ ಬೆಳಕು. ಗುಂಡಗೆ ಒಂದು ಬಿಸ್ಕತ್ತು ಆಯಿತು. ಅಂಗೈ ಮೇಲೆ ಇಟ್ಟುಕೊಂಡೆ. ಅದರ ಸುತ್ತ ಇನ್ನೂ ಜಾಗವಿತ್ತು.

ಆಮೇಲೆ ತಿಂದೆ. ಹಲ್ಲಿಗೆ ಸಿಗುವ ಮೊದಲೇ ಕರಗಿತು. ಇದು ಅಣ್ಣನದಲ್ಲ. ಇಷ್ಟು ವರ್ಷ ನಿಮ್ಮ ಮನೆಯಲ್ಲಿ ಉಂಡಿದ್ದೇನೆ, ತಿಂದಿದ್ದೇನೆ. ನಿಮ್ಮ ಕೈಯ ಬಿಸ್ಕತ್ತನ್ನು ತಿಂದದ್ದು ಇದೇ ಮೊದಲು. ತುಂಬಾ ಚೆನ್ನಾಗಿದೆ ಅತ್ತಿಗೆ. ಇದನ್ನು ಬರೆಯುವಾಗ ಕಣ್ಣು ತುಂಬಿ ಬರುತ್ತಿದೆ, ಆದರೂ ಚೆನ್ನಾಗಿದೆ. ಅಂಟಿನವಳಿಗೂ ಒಂದು ಚೂರು ಕೊಟ್ಟೆ. ಯಾರು ಮಾಡಿದ್ದು ಎಂದಳು. ಅತ್ತಿಗೆ ಅಂದೆ. ಅವಳಿಗೆ ಹಳೆಯ ಮಾತು ನೆನಪಿತ್ತು, ನನ್ನ ಮುಖ ನೋಡಿ ಇನ್ನೊಂದು ಚೂರಿಗೆ ಕೈ ಚಾಚಿದಳು.

ನಾನೂ ಒಂದು ಸುಳ್ಳು ಹೇಳಿದ್ದೇನೆ. ರಜೆ ಸಿಗದೆ ಇಲ್ಲ, ನಾನು ಕೇಳಿಯೇ ಇಲ್ಲ. ಬಂದರೆ ಭಟ್ಟಿಯ ಮುಂದೆ ಅವನಿರುವುದಿಲ್ಲ. ನಾನು ಬರುವವರೆಗೆ ಇರುತ್ತಾನೆ. ನೀವು ಅಲ್ಲಿ ಒಬ್ಬರೇ ಅವನಿಲ್ಲದ ಜಾಗದಲ್ಲಿ ದಿನಾ ಎದ್ದು ಹಿಟ್ಟು ಕಲಸುತ್ತಿದ್ದೀರಿ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಚ್ಚಿಕೊಂಡಾಗಿದ್ದರೆ ನಾಲ್ಕು ಬೈದುಬಿಡಿ.

ನಿಮ್ಮ ಬಿಸ್ಕತ್ತಿನ ಅಳತೆಗೆ ಹೊಸ ಅಚ್ಚು ಕಟ್ಟಿಸುತ್ತಿದ್ದೇನೆ. ಅಚ್ಚು ಕಟ್ಟುವವರು ಗೊಣಗಿದರು. ಕೊನೆಯ ಚೂರುಗಳನ್ನು ಅವರ ಬಾಯಿಗೆ ಹಾಕಿದೆ, ಅಲಗು ಕೈಗೆತ್ತಿಕೊಂಡರು. ತೆಳ್ಳಗಿರುವುದರಿಂದ ನಡುವೆ ಒಂದು ಅಡ್ಡ ರಟ್ಟು ಬರುತ್ತದೆ, ಅಲ್ಲಾಡುವುದಿಲ್ಲ. ಚಿತ್ರವಿಲ್ಲ. ಮುಚ್ಚಳದ ಮೇಲೆ ಒಂದು ಹೆಸರು ಮಾತ್ರ ಹಾಕಿಸಿದ್ದೇನೆ, ನಿಮ್ಮನ್ನು ಕೇಳಿಲ್ಲ. ಕೇಳಿದರೆ ಬೇಡ ಅನ್ನುತ್ತೀರಿ. ಅದನ್ನು ಹಿಂಡಲಿ, ತುಳಿಯಲಿ, ಚಹಾ ಚೆಲ್ಲಲಿ, ಪರವಾಗಿಲ್ಲ. ನಾನು ಇಲ್ಲಿ ಮತ್ತೆ ಮತ್ತೆ ಮುದ್ರಣಕ್ಕೆ ಹಾಕುತ್ತಿರುತ್ತೇನೆ.

ನಿಮ್ಮ
ಕತ್ತರಿ

ಜೂನ್ ೨೯

ನನ್ನ ಕತ್ತರಿಗೆ,

ಕಟ್ಟು ಬಿಚ್ಚಿದಾಗ ಮೇಲಿನ ಡಬ್ಬಿಯ ಮೇಲೆ "ಅತ್ತಿಗೆ ಬಿಸ್ಕತ್ತು" ಎಂದಿತ್ತು. ಕೆಳಗಿನದನ್ನು ತೆಗೆದೆ, ಅದರ ಮೇಲೂ ಅತ್ತಿಗೆ. ಕೊನೆಯವರೆಗೂ ಅತ್ತಿಗೆ, ಅತ್ತಿಗೆ, ಅತ್ತಿಗೆ. ನಾನು ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ. ಅಷ್ಟು ಸಲ ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು. ಬಾಗಿಲಲ್ಲಿ ಬೆಳಕು ಬಂದು, ಹಿಟ್ಟು ತೇಲಿ, ಮತ್ತೆ ಕೆಳಗಿಳಿಯುವವರೆಗೂ ಹಾಗೇ ಕೂತಿದ್ದೆ.

ಬಿಸ್ಕತ್ತು ಡಬ್ಬಿಯಲ್ಲಿ ಹೇಳಿ ಮಾಡಿಸಿದ ಹಾಗೆ ಕೂತವು. ಅಲ್ಲಾಡಿಸಿದರೂ ಸದ್ದಿಲ್ಲ. ನಿಲ್ದಾಣದವರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಲೆದೂಗಿದರು. ದಿನಾ ಬೇಕು ಎಂದಿದ್ದಾರೆ. ಭಟ್ಟಿ ಉರಿಯುತ್ತಿದೆ.

ಅಂಗಡಿ ತೆರೆದ ದಿನ ನಾನೂ ಹೋಗಿ ಆ ಬೆಂಚಿನಲ್ಲಿ ಕೂತಿದ್ದೆ. ಮೊದಲ ಡಬ್ಬಿಯನ್ನು ಒಬ್ಬ ಉದ್ದನೆಯ ಆಸಾಮಿ ಕೊಂಡು, ನಿಂತೇ ತಿಂದು, ಹಿಂಡಿ, ಬುಟ್ಟಿಗೆ ಎಸೆದ. ನೋಡಿದೆ. ನನಗೆ ಏನೂ ಆಗಲಿಲ್ಲ. ಅವನು ತಿರುಗಿ ಬಂದು ಇನ್ನೊಂದು ಕೊಂಡ.

ಆಮೇಲೆ ಒಬ್ಬ ವಯಸ್ಸಾದ ಹೆಂಗಸು ಬಂದರು. ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಯಾರಿಗೆ ಅತ್ತಿಗೆ ಎಂದು ಅಂಗಡಿಯವರನ್ನು ಕೇಳಿದರು. ಅವರು ನನ್ನ ಕಡೆ ಬೆರಳು ಮಾಡಿದರು. ಹೆಂಗಸು ಬಂದು ನನ್ನ ಪಕ್ಕ ಕೂತು ಅದನ್ನೇ ಕೇಳಿದರು. ನಿನ್ನ ಅಣ್ಣ ಹೋದ ಮೇಲೆ ಜನ ನನ್ನನ್ನು ಏನೇನೋ ಕೇಳಿದ್ದಾರೆ, ಇದನ್ನು ಯಾರೂ ಕೇಳಿರಲಿಲ್ಲ. ಹೇಳಿದೆ.

"ನಂಗೊಬ್ಳು ನಾದಿನಿ ಇದಾಳೆ," ಅಂದೆ. "ಈ ಡಬ್ಬಿ ಮಾಡಿದ್ದು ಅವ್ಳೇ."

ಅವರು ಸರಿ ಎಂದು ತಲೆಯಾಡಿಸಿ ಡಬ್ಬಿ ಬಿಚ್ಚಿ ನನಗೇ ಒಂದು ಬಿಸ್ಕತ್ತು ಕೊಟ್ಟರು.

ಡಬ್ಬಿಗಳು ಮುಗಿಯುತ್ತಾ ಬಂದಿವೆ. ಮುಂದಿನ ಕಟ್ಟನ್ನು ಪಾರ್ಸಲ್ ಹಾಕಬೇಡ. ರಜೆ ಕೇಳು. ಭಟ್ಟಿಯ ಮುಂದೆ ಅವನು ಇರುವುದಿಲ್ಲ, ನಾನಿರುತ್ತೇನೆ. ನೀನೇ ಹೊತ್ತುಕೊಂಡು ಬಾ.

ಅತ್ತಿಗೆ